ಮೂರನೆಯ ರೇಸು

ಆ ತಂಡದಲ್ಲಿ ಹದಿನಾಲ್ಕು ಹೆಣ್ಣುಮಕ್ಕಳು ಸೈಕಲ್ ತುಳಿದು ಹೊಟ್ಟೆ ಹೊರೆಯುತ್ತಿದ್ದರು. ಹದಿಮೂರು ಮಂದಿ ಮೂವತ್ತರ ಒಳಗಿನವರು. ಉಳಿದ ಒಬ್ಬಳಿಗೆ ಮೂವತ್ತೊಂಬತ್ತು. ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮೊದಮೊದಲು ಅದು ಗೌರವಕ್ಕೆ ಹುಟ್ಟಿದ ಹೆಸರು. ಈಚೀಚೆಗೆ ಅದರಲ್ಲಿ ವಯಸ್ಸೇ ಹೆಚ್ಚಾಗಿ ಕೇಳಿಸುತ್ತಿತ್ತು.

ರೇಸುಗಳ ಹೊಸ ಋತುವಿಗೆ ಇನ್ನೆರಡು ತಿಂಗಳಿರುವಾಗ ತಂಡ ಒಂದು ಹೋಟೆಲಿನಲ್ಲಿ ವಾರದ ಶಿಬಿರ ಹೂಡಿತು. ಮೊದಲ ದಿನ ತಿಂಡಿಯ ಹೊತ್ತಿಗೆ ಮ್ಯಾನೇಜರ್ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಹಾಳೆಯಲ್ಲಿ ಮೂರು ಖಾಲಿ ಸಾಲು. ವರ್ಷದಲ್ಲಿ ನಲವತ್ತು ರೇಸು ತುಳಿದರೂ ಮೈಮನಸ್ಸು ಹುರಿಗೊಳಿಸಿ ಕಾಯುವುದು ಮೂರಕ್ಕೆ ಮಾತ್ರ. ಆ ಮೂರು ಯಾವುವೆಂದು ಶನಿವಾರದೊಳಗೆ ಬರೆದುಕೊಡಬೇಕು. ಚಿಕ್ಕವರು ಕಾಫಿ ಆರುವ ಮೊದಲೇ ಗೀಚಿ ಕೊಟ್ಟರು. ದೊಡ್ಡಕ್ಕನ ಹಾಳೆ ನಾಲ್ಕು ದಿನ ಮಡಿಕೆಯೂ ಬಿಚ್ಚದೆ ಜಾಕೆಟ್ಟಿನ ಜೇಬಿನಲ್ಲೇ ಉಳಿಯಿತು.

ಅವಳಿಗೆ ಒಬ್ಬಳೇ ಕೂತು ಆರಿಸಿ ಅಭ್ಯಾಸವಿರಲಿಲ್ಲ. ಒಂಬತ್ತು ವರ್ಷ ಆ ಕೆಲಸವನ್ನು ಇಬ್ಬರು ಕೂತು ಮಾಡಿದ್ದರು, ಅವಳು ಮತ್ತು ಗುಬ್ಬಿ. ಗುಬ್ಬಿ ಎಂದರೆ ಅವಳ ರೂಮಿನ ಜೊತೆಗಾತಿ. ಆಳು ಮೋಟು, ಮಾತು ಜೋರು. ರೇಸಿನಲ್ಲಿ ದೊಡ್ಡಕ್ಕನ ಮುಂದೆ ತುಳಿಯುತ್ತ ಗಾಳಿ ಒಡೆದು, ಹಿಂದಿನವಳ ಶಕ್ತಿ ಉಳಿಸುವುದೇ ಅವಳ ಕೆಲಸ. ಕೊನೆಯ ಒಂದು ಮೈಲಿಯವರೆಗೆ ಆ ಪುಟ್ಟ ಬೆನ್ನಿನ ಮರೆಯಲ್ಲಿ ಸಾಗಿ ಆಮೇಲೆ ಮುನ್ನುಗ್ಗಿದ್ದರಿಂದಲೇ ದೊಡ್ಡಕ್ಕ ಎರಡು ಸಲ ಬೆಟ್ಟದ ರೇಸು ಗೆದ್ದದ್ದು. "ನನ್ನ ಬೆನ್ನು ನನ್ನ ಗಂಡನಿಗಿಂತ ನಿಂಗೇ ಚೆನ್ನಾಗಿ ಗೊತ್ತು" ಎಂದು ಗುಬ್ಬಿ ನಗುತ್ತಿದ್ದಳು. ಪ್ರತಿ ಶಿಬಿರದಲ್ಲೂ ಇಬ್ಬರೂ ಎರಡು ಮಂಚ ಜೋಡಿಸಿ, ರೇಸಿನ ಪಟ್ಟಿ ಹರಡಿಕೊಂಡು, ಬೊಬ್ಬೆ ಹಾಕುತ್ತ ಆರಿಸುತ್ತಿದ್ದರು. ಬೊಬ್ಬೆ ಗುಬ್ಬಿಯದು, ಆಯ್ಕೆ ದೊಡ್ಡಕ್ಕನದು. ಹೋದ ಋತುವಿನ ಮೊದಲ ತಿಂಗಳಲ್ಲೇ ಗುಬ್ಬಿ ಬಸುರಿಯಾಗಿ ತಂಡ ಬಿಟ್ಟಳು. ಈಗ ಅವಳಿಗೆ ಎರಡು ತಿಂಗಳ ಕೂಸು. ದೊಡ್ಡಕ್ಕನ ರೂಮಿನಲ್ಲಿ ಈ ಸಲ ಎರಡನೆಯ ಮಂಚದ ಮೇಲೆ ಸೂಟ್‌ಕೇಸು ಮಲಗಿತ್ತು.

ಗುರುವಾರ ಮಧ್ಯಾಹ್ನ ದೊಡ್ಡಕ್ಕ ಗುಬ್ಬಿಗೆ ಫೋನ್ ಮಾಡಿದಳು.

"ಯಾವ್ದು ಆರಿಸ್ಲಿ ಕಣೆ? ಬೆಟ್ಟದ್ದು ಒಂದಂತೂ ಇದೆ. ಇನ್ನೆರಡು?"

"ನಿಂಗೆ ಯಾವ್ದು ಇಷ್ಟಾನೋ ಅದು" ಎಂದಳು ಗುಬ್ಬಿ. ಹಿಂದಿನಿಂದ ಕೂಸಿನ ಕಿರಿಕಿರಿ ಕೇಳುತ್ತಿತ್ತು.

"ಆ ಸೇತುವೆ ದಾಟಿದ ಮೇಲೆ ಏರು ಬರುತ್ತಲ್ಲ, ನೀನು ಬಿದ್ದು ಮೊಣಕೈ ತರಚಿಕೊಂಡಿದ್ಯಲ್ಲ, ಅದು ಹೇಗೆ?"

"ಯಾವ ಸೇತುವೆ? ಅಯ್ಯೋ, ಎಲ್ಲಾ ಮರೆತೇ ಹೋಗಿದೆ ಕಣೆ. ರಾತ್ರಿ ನಿದ್ದೆ ಇಲ್ಲ, ಹಗಲು ಬುದ್ಧಿ ಇಲ್ಲ. ತಡಿ, ಎದ್ದುಬಿಟ್ಟಳು. ಆಮೇಲೆ ಮಾಡ್ತೀನಿ."

ಆಮೇಲೆ ಮಾಡಲಿಲ್ಲ. ಮಾಡಲಿಲ್ಲವೆಂದು ಅವಳನ್ನು ದೂರುವಂತೆಯೂ ಇರಲಿಲ್ಲ. ದೊಡ್ಡಕ್ಕ ಕಿಟಕಿಯ ಹತ್ತಿರ ನಿಂತು, ಕೆಳಗೆ ಚಿಕ್ಕವರು ಸೈಕಲ್ ತೊಳೆಯುತ್ತ ಒಬ್ಬರಿಗೊಬ್ಬರು ನೀರು ಎರಚಾಡುವುದನ್ನು ನೋಡಿದಳು. ಇಳಿದು ಹೋಗಬಹುದಿತ್ತು. ಹೋದರೆ ಅವರೆಲ್ಲ ಮರ್ಯಾದೆಯಿಂದ ಪೈಪು ಕೆಳಗಿಟ್ಟು "ಬನ್ನಿ ದೊಡ್ಡಕ್ಕ" ಎಂದು ಜಾಗ ಬಿಡುತ್ತಾರೆ. ಅದು ಬೇಡವಾಗಿತ್ತು.

ಶನಿವಾರ ಮ್ಯಾನೇಜರೇ ಕರೆಸಿದರು. ಹೋಟೆಲಿನವರು ಕೊಟ್ಟಿದ್ದ ಸಣ್ಣ ಕೋಣೆಯಲ್ಲಿ ಮೇಜಿನ ತುಂಬ ಫೈಲು.

"ನೋಡಮ್ಮ, ಸುತ್ತಿ ಬಳಸಿ ಹೇಳಲ್ಲ. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳಿದ್ದಾಳಲ್ಲ, ಈ ವರ್ಷ ಅವಳು ಗೆಲ್ಲೋ ಹಾಗಿದ್ದಾಳೆ. ಅವಳಿಗೆ ಗಾಳಿ ಒಡೆಯೋಕೆ ಅನುಭವ ಇರೋರು ಬೇಕು. ನೀನು ಮುಂದೆ ನಿಂತರೆ..."

ದೊಡ್ಡಕ್ಕ ಈ ಮಾತಿಗೆ ಒಂದು ವರ್ಷದಿಂದ ಕಾದಿದ್ದಳು. "ಗುಬ್ಬಿ ಮಾಡ್ತಿದ್ದ ಕೆಲಸ" ಎಂದಳು.

"ಹೂಂ. ಗುಬ್ಬಿ ಕೆಲಸ. ಅವಳು ಒಂದು ದಿನಕ್ಕೂ ಮುಖ ಊದಿಸಲಿಲ್ಲ, ಗೊತ್ತಲ್ಲ. ಅವಳ ಹಾಳೆ ನೋಡಿದ್ದೀಯಾ ಯಾವತ್ತಾದ್ರೂ?"

ನೋಡಿರಲಿಲ್ಲ. ಒಂದೇ ಮಂಚದ ಮೇಲೆ ಕೂತು ಬರೆದರೂ, ತನ್ನದನ್ನು ಬರೆದು ಮುಗಿಸಿ ದೊಡ್ಡಕ್ಕ ಸ್ನಾನಕ್ಕೆ ಹೋಗುತ್ತಿದ್ದಳು. ಗುಬ್ಬಿಯದೂ ಅದೇ ಇರುತ್ತದೆಂದು ಅವಳ ನಂಬಿಕೆ.

ಮ್ಯಾನೇಜರ್ ಹಳೆಯ ಫೈಲು ತೆಗೆದು ಮುಂದೆ ತಳ್ಳಿದರು. ಒಂಬತ್ತು ವರ್ಷದ ಒಂಬತ್ತು ಹಾಳೆ. ಪ್ರತಿಯೊಂದರಲ್ಲೂ ಮೊದಲೆರಡು ಸಾಲು ದೊಡ್ಡಕ್ಕ ಆರಿಸಿದ ರೇಸುಗಳೇ, ಅಕ್ಷರಶಃ. ಮೂರನೆಯದು ಮಾತ್ರ ಬೇರೆ. ದೊಡ್ಡಕ್ಕ ಬೆಟ್ಟದ ರೇಸು ಬರೆಯುತ್ತಿದ್ದ ಆ ಸಾಲಿನಲ್ಲಿ ಕಾಲುವೆ ದಂಡೆಯ ಟೈಮ್ ಟ್ರಯಲ್. ಗುಂಪಿಲ್ಲದ, ಜೊತೆಯಿಲ್ಲದ ರೇಸು ಅದು. ನಿಮಿಷಕ್ಕೊಬ್ಬರನ್ನು ಬಿಡುತ್ತಾರೆ, ಗಡಿಯಾರವೇ ಎದುರಾಳಿ. ಒಂಬತ್ತು ಸಲವೂ ಗುಬ್ಬಿ ಅದನ್ನೇ ಬರೆದಿದ್ದಳು. ಒಂಬತ್ತು ಸಲವೂ ಕೆಂಪು ಶಾಯಿ ಅದರ ಮೇಲೆ ಗೆರೆ ಎಳೆದಿತ್ತು.

"ಹೊಡೆದು ಹಾಕಿದ್ದು ಯಾರು?"

"ನಾನೇ. ಅದೇ ದಿನ ನಿನ್ನ ಬೆಟ್ಟದ ರೇಸು. ಅವಳಿಲ್ಲದೆ ನೀನು ಹೊರಡ್ತಿದ್ಯಾ?"

ದೊಡ್ಡಕ್ಕ ಜೇಬಿನಿಂದ ತನ್ನ ಹಾಳೆ ತೆಗೆದು, ಅವರ ಮೇಜಿನ ಮೇಲಿದ್ದ ಪೆನ್ನಿನಿಂದಲೇ ಬರೆದಳು. ಮೊದಲೆರಡು ಸಾಲಿನಲ್ಲಿ ಚಿಕ್ಕವಳ ಮುಂದೆ ತುಳಿಯಬೇಕಾದ ರೇಸುಗಳು. ಮೂರನೆಯದರಲ್ಲಿ ಕಾಲುವೆ ದಂಡೆ.

ಮ್ಯಾನೇಜರ್ ಓದಿ ಕನ್ನಡಕ ತೆಗೆದರು. "ತಲೆ ಸರಿ ಇದೆಯಾ? ಬೆಟ್ಟ ಬಿಟ್ಟು ಇದಾ? ಟೈಮ್ ಟ್ರಯಲ್ ಅಂದ್ರೆ ನಿಂಗೆ ಜನ್ಮದಲ್ಲಿ ಆಗಿಬಂದಿಲ್ಲ."

"ಎರಡು ನಿಮಗೆ ಬಿಟ್ಟಿದ್ದೀನಿ ಸಾರ್. ಇದೊಂದಕ್ಕೆ ಗೆರೆ ಎಳೀಬೇಡಿ."

ಅವರು ಎಳೆಯಲಿಲ್ಲ.

ಐದು ತಿಂಗಳು ಕಳೆದು ಆ ದಿನ ಬಂದಾಗ ತಂಡವೆಲ್ಲ ಚಿಕ್ಕವಳ ಜೊತೆ ಬೆಟ್ಟಕ್ಕೆ ಹೋಗಿತ್ತು. ದೊಡ್ಡಕ್ಕ ಒಬ್ಬಳೇ ಸೈಕಲನ್ನು ವ್ಯಾನಿಗೆ ಹಾಕಿಕೊಂಡು ಕಾಲುವೆಯ ಊರಿಗೆ ಹೋದಳು. ಅಲ್ಲಿನ ಶಾಲೆಯ ಅಂಗಳದಲ್ಲಿ ತಾನೇ ಚಕ್ರಕ್ಕೆ ಗಾಳಿ ಹಾಕಿ, ತಾನೇ ಬೆನ್ನಿಗೆ ನಂಬರ್ ಚುಚ್ಚಿಕೊಂಡಳು. ಕೈ ಎಟುಕದೆ ನಂಬರು ಸೊಟ್ಟಗಾಯಿತು. ಸರಿಪಡಿಸುವವರು ಯಾರೂ ಇರಲಿಲ್ಲ.

ಮೂವತ್ತೊಂದು ಕಿಲೋಮೀಟರ್, ಗೆರೆ ಎಳೆದಂಥ ದಾರಿ, ಅರ್ಧಕ್ಕೆ ಹೋಗಿ ತಿರುಗಿ ಬರುವುದು. ಒಂದು ಕಡೆ ನೀರು, ಇನ್ನೊಂದು ಕಡೆ ಬಯಲು. ಗಾಳಿ ನೇರ ಎದೆಗೆ ಬಂದು ಗುದ್ದಿತು. ಹತ್ತನೆಯ ಕಿಲೋಮೀಟರಿಗೆ ತೊಡೆ ಉರಿಯತೊಡಗಿತು. ಇಪ್ಪತ್ತೆರಡನೆಯದರಲ್ಲಿ, ಅವಳಿಗಿಂತ ಒಂದು ನಿಮಿಷ ತಡವಾಗಿ ಹೊರಟಿದ್ದ ಹುಡುಗಿ ಸುಂಯ್ ಎಂದು ದಾಟಿ ಹೋದಳು. ಒಂಬತ್ತು ವರ್ಷ ಇಂಥ ಗಾಳಿಯನ್ನು ಇನ್ನೊಬ್ಬಳು ತಿಂದಿದ್ದಾಳೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಮೈಗೆ ಗೊತ್ತಿರಲಿಲ್ಲ. ನಲವತ್ತೊಂದು ಜನರಲ್ಲಿ ಅವಳು ಇಪ್ಪತ್ತಾರನೆಯವಳಾಗಿ ಬಂದಳು.

ವ್ಯಾನಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು. ಈ ಸಲ ಗುಬ್ಬಿ ತಕ್ಷಣ ಎತ್ತಿದಳು.

"ಎಲ್ಲಿದ್ದೀಯೆ?"

"ಕಾಲುವೆ ದಂಡೆಯಲ್ಲಿ. ಇಪ್ಪತ್ತಾರನೇದು ಬಂದೆ."

ಗುಬ್ಬಿ ಮೆಲ್ಲಗೆ ಕೇಳಿದಳು, "ಗಾಳಿ ಇತ್ತಾ?"

"ಹೋಗ್ತಾನೂ ಎದುರು, ಬರ್ತಾನೂ ಎದುರು."

"ಅದು ಹೇಗಾಗುತ್ತೆ ಮಂಕೇ?"

"ನನ್ನ ಹಣೆಬರಹ." ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. "ನಿನ್ನ ಹಾಳೆಗಳನ್ನ ನೋಡಿದೆ ಗುಬ್ಬಿ. ಒಂದು ಸಲಾನಾದ್ರೂ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ." ಅವಳ ದನಿಯಲ್ಲಿ ಮುನಿಸಿರಲಿಲ್ಲ, ಅದೇ ಕಷ್ಟವಾಯಿತು. "ಅಲ್ಲಿ ಯಾರ ಮುಂದೆಯೂ ತುಳಿಯೋ ಹಾಗಿಲ್ಲ ಕಣೆ. ನಾನು ನಿಜವಾಗ್ಲೂ ಎಷ್ಟು ಜೋರು ಹೋಗ್ತೀನಿ ಅಂತ ನೋಡ್ಬೇಕಿತ್ತು, ಅಷ್ಟೇ. ಈಗ ಬಿಡು."

"ಈಗ್ಲೂ ತುಳೀಬಹುದು."

"ಇನ್ನು ಎಲ್ಲಿ? ಮಗು ಕೂಗ್ತಿದೆ, ಇಡ್ತೀನಿ. ಏನಾದ್ರೂ ತಿನ್ನು. ರೇಸ್ ಮುಗಿದ ಮೇಲೆ ತಿನ್ನೋದೇ ಮರೀತೀಯ ನೀನು."

ಫೋನ್ ಕಟ್ಟಾಯಿತು. ಶಾಲೆಯ ಅಂಗಳ ಖಾಲಿಯಾಗುತ್ತಿತ್ತು. ಇಬ್ಬರು ಬಂದು ಗೆಲುವಿನ ಗೆರೆಯ ಕಮಾನನ್ನು ಬಿಚ್ಚತೊಡಗಿದರು. ಅದಕ್ಕೆ ಮೂರನೆಯವರೊಬ್ಬರು ಬೇಕಿತ್ತು. ದೊಡ್ಡಕ್ಕ ಎದ್ದು ಹೋಗಿ ಒಂದು ಕಂಬ ಹಿಡಿದುಕೊಂಡಳು. ಅವಳು ಯಾರೆಂದು ಅವರು ಕೇಳಲಿಲ್ಲ. "ಸ್ವಲ್ಪ ಎಡಕ್ಕೆ ಅಕ್ಕ, ನಿಧಾನ" ಎಂದಷ್ಟೇ ಅಂದರು. ಅವಳು ಎಡಕ್ಕೆ ಸರಿದಳು.