ಗೆರೆಯವರೆಗೆ

ಹನಿ ಬಿತ್ತೇ, ಇಲ್ಲ, ಮಂಚದ ಪಕ್ಕಕ್ಕೆ ಕಟ್ಟಿದ ಮೂತ್ರದ ಚೀಲದೊಳಗೆ ನಳಿಕೆಯ ತುದಿ ಒಣಗಿಯೇ ಇದೆ, ಬಿಸಿಲು ಬಿದ್ದು ಹೊಳೆದದ್ದು ಅಷ್ಟೆ, ಬೆಳಗಿನಿಂದ ಬಗ್ಗಿ ಬಗ್ಗಿ ನೋಡಿ ಸೊಂಟ ಹಿಡಿದುಕೊಂಡಿದೆ, ಮಗಳು ಕಣ್ಣು ಮುಚ್ಚಿಕೊಂಡೇ ಅನ್ನುತ್ತಾಳೆ, ಅಮ್ಮಾ, ಅದೇನು ಹಾಲಾ, ಉಕ್ಕುತ್ತೆ ಅಂತ ಕಾಯ್ತಾ ಕೂತಿದೀಯಲ್ಲ — ಇಷ್ಟರಲ್ಲೂ ತಮಾಷೆ, ಬಸ್ಸಿನಲ್ಲಿ ಟಿಕೆಟ್ ಹರಿಯುವವಳು, ಬಾಯಿ ಜೋರು, ದಿನವಿಡೀ ನೀರು ಮಾತ್ರ ಮುಟ್ಟಳು, ಕುಡಿದರೆ ಇಳಿದು ಹೋಗೋದೆಲ್ಲಿಗೆ ಅಮ್ಮಾ ಅನ್ನುವವಳು, ಎಡಗಡೆ ಕಿಡ್ನಿ ಕಲ್ಲಿಗೇ ಹೋಗಿ ಆರು ವರ್ಷ, ಉಳಿದದ್ದು ಇದೊಂದೇ, ಇದನ್ನು ಕಾಪಾಡಲೆಂದೇ ಹೋದ ವರ್ಷ ಡಾಕ್ಟರು ಆ ಪರೀಕ್ಷೆ ಬರೆದದ್ದು, ನೋಡಿಯಮ್ಮ, ಕಲ್ಲಿನ ಪುಡಿ ಎಲ್ಲರ ಮೂತ್ರದಲ್ಲೂ ಇರುತ್ತೆ, ಅದು ಒಂದಕ್ಕೊಂದು ಅಂಟಿ ಗಟ್ಟಿಯಾಗದ ಹಾಗೆ ತಡೆಯೋದೂ ಅದರಲ್ಲೇ ಇರುತ್ತೆ, ಸಿಟ್ರೇಟ್ ಅಂತ, ಮೆಗ್ನೀಸಿಯಂ ಅಂತ, ನಿಮ್ಮ ಮಗಳಿಗೆ ಕಮ್ಮಿ ಇದ್ದರೆ ಔಷಧ ಕೊಡೋಣ, ಒಂದು ಹಗಲು ಒಂದು ರಾತ್ರಿ ಹೋದದ್ದನ್ನೆಲ್ಲ ಈ ಕ್ಯಾನಿನಲ್ಲಿ ಹಿಡೀಬೇಕು, ಒಂದು ಹನಿ ಚೆಲ್ಲಬಾರದು — ಜಗಳ ಬಿಡಿಸೋ ಹಿರಿಯರಿದ್ದ ಹಾಗೆ ಅನ್ನಿ ಎಂದೆ, ಡಾಕ್ಟರು ನಕ್ಕರು, ಚೆಲ್ಲಿದ್ದು ನಾನೇ, ಬಚ್ಚಲು ಒರೆಸುವಾಗ ಕಾಲು ತಾಗಿ, ಮುಚ್ಚಳ ಸಡಿಲ, ಅರ್ಧ ಕ್ಯಾನು ಮೋರಿಗೆ, ಮಗಳು ಮಲಗಿದ್ದಳು, ಹತ್ತು ಸಲ ಬೇಡಿ ತೆಗೆದುಕೊಂಡ ರಜೆ, ಎಬ್ಬಿಸಿದರೆ ಉಗಿಯುತ್ತಾಳೆ, ಹೆತ್ತವಳಲ್ಲವೇ, ರಕ್ತ ಒಂದೇ, ಇದು ಮಾತ್ರ ಬೇರೆಯಾದೀತೇ ಎಂದು ಬಾಗಿಲು ಹಾಕಿಕೊಂಡೆ, ಸಂಜೆಯೊಳಗೆ ಮೂರು ಸಲ ನಾನೇ ಕೂತು ತುಂಬಿಸಿದೆ, ಕ್ಯಾನಿನ ಮೇಲೆ ಮೊದಲಿದ್ದ ಗೆರೆ ಮುಟ್ಟುವವರೆಗೆ, ಬೆಚ್ಚಗೆ — ರಿಪೋರ್ಟು ಬಂತು, ಎಲ್ಲ ಬೇಕಾದಷ್ಟಿದೆ, ಔಷಧ ಬೇಡ, ನೀರು ಕುಡೀರಿ ಸಾಕು, ಇವಳು ನಗುತ್ತಾ ಬಸ್ಸು ಹತ್ತಿದಳು, ಬೇಕಾದಷ್ಟಿದ್ದದ್ದು ನನ್ನದು, ಅರವತ್ತೊಂಬತ್ತಾದರೂ ಒಂದು ಹರಳು ಕಟ್ಟದ ಈ ಹಾಳು ಒಡಲಿನದು, ಕೊಡಬಾರದ ಹೊತ್ತಿನಲ್ಲಿ ಕೊಟ್ಟೆ, ಈಗ ಕಿಡ್ನಿಯನ್ನೇ ತಗೊಳ್ಳಿ ಎಂದರೆ ನಿಮ್ಮ ವಯಸ್ಸಿಗೆ ಆಗಲ್ಲಮ್ಮ ಎನ್ನುತ್ತಾರೆ, ಉಳಿದೊಂದರಲ್ಲೂ ಕಲ್ಲು ಕಟ್ಟಿದೆ, ತೆಗೆದರೂ ಅದಿನ್ನು ಕೆಲಸ ಮಾಡಲ್ಲ, ವಾರಕ್ಕೆ ಮೂರು ದಿನ ರಕ್ತ ತೊಳೆಯೋ ಮೆಷಿನ್ನೇ ಗತಿ, ಆ ರಿಪೋರ್ಟಿಗೂ ಈ ಕಲ್ಲಿಗೂ ತಾಳೆಯೇ ಇಲ್ಲವಲ್ಲ ಎಂದು ಹಾಳೆ ತಿರುವಿ ತಿರುವಿ ನೋಡಿ ಹೋದರು, ನಾನು ಮತ್ತೆ ಚೀಲದತ್ತ ಬಗ್ಗಿದೆ, ಮಗಳು ಕಣ್ಣು ತೆರೆದಳು, ಅಮ್ಮಾ, ಅವತ್ತು ನಾವು ಸರಿಯಾಗೇ ಹಿಡಿದಿದ್ವಿ ತಾನೇ, ಹೂಂ ಕಣೆ, ಒಂದು ಹನಿಯೂ ಚೆಲ್ಲದ ಹಾಗೆ, ಮಲಗು, ಅವಳು ನನ್ನ ಕೈ ಹಿಡಿದು ಒತ್ತುತ್ತಾಳೆ, ನಂಬಿದ ಕೈ, ನಾನು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೇನೆ, ಕ್ಯಾನು, ಗೆರೆ, ಗೆರೆಯವರೆಗೆ, ಇನ್ನೊಂದಿಷ್ಟು, ಬೆಚ್ಚಗೆ, ಗೆರೆ