ಇಪ್ಪತ್ತೇಳನೇ ಬಾಟಲಿಯ ಚುಕ್ಕೆ

ನಾನು ಒಂದು ಜೋಡಿ ಚಿತ್ರ. ಕಂಪ್ಯೂಟರಿನ ಪರದೆಯೇ ನನ್ನ ಮನೆ. ಎಡಕ್ಕೆ ತಾಲ್ಲೂಕಿನ ಊರುಗಳ ನಕ್ಷೆ, ಬಲಕ್ಕೆ ಚುಕ್ಕೆಗಳ ಗ್ರಾಫ್. ಎಡಗಡೆ ಒಂದು ಊರನ್ನು ಒತ್ತಿದರೆ, ಆ ಊರಿನ ನೀರಿನ ಬಾಟಲಿಯ ಚುಕ್ಕೆ ಬಲಗಡೆ ಹೊಳೆಯಬೇಕು. ಗ್ರಾಫಿನ ನಡುವೆ ಮಿತಿ ತೋರಿಸುವ ಗೆರೆಯಿದೆ. ಅದರ ಕೆಳಗೆ ಹಸಿರು ಚುಕ್ಕೆ, ಕುಡಿಯಬಹುದು. ಮೇಲಿದ್ದರೆ ಕೆಂಪು, ನೀರಿನಲ್ಲಿ ರೋಗಾಣು ಇದೆ ಎಂದರ್ಥ. ನನಗಿರುವುದು ಇದೊಂದೇ ಕೆಲಸ. ಅದನ್ನೂ ನಾನು ನೆಟ್ಟಗೆ ಮಾಡಲಿಲ್ಲ.

ನನ್ನನ್ನು ಹುಟ್ಟಿಸಿದವರು ನೀರು ಪರೀಕ್ಷಿಸುವ ಲ್ಯಾಬಿನ ಸುವರ್ಣಾ ಕಮತಗಿ. ಆ ಲ್ಯಾಬಿನಲ್ಲಿ ಒಂದು ಪದ್ಧತಿಯಿದೆ. ಆಯುಧಪೂಜೆಯ ದಿನ ಹಳೇ ರಿಜಿಸ್ಟರಿಗೆ ಕುಂಕುಮ ಹಚ್ಚಿ ಎತ್ತಿಡುತ್ತಾರೆ. ಆಮೇಲೆ ಹೊಸ ರಿಜಿಸ್ಟರು, ಬಾಟಲಿ ನಂಬರು ಮತ್ತೆ ಒಂದರಿಂದ. ಅದಕ್ಕೇ ಸುವರ್ಣಾ ನನ್ನ ಎರಡು ಭಾಗಗಳನ್ನು ವರ್ಷ, ನಂಬರು ಎರಡನ್ನೂ ಹಿಡಿದು ಜೋಡಿಸಿದ್ದರು.

ಅವರಿಗೆ ವರ್ಗವಾಯಿತು. ಹಳೇ ಸಾಫ್ಟ್‌ವೇರ್ ನಿಂತುಹೋಯಿತು. ಹೊಸದಾಗಿ ಬಂದ ಪ್ರವೀಣ ಬಡಿಗೇರ ಹೊಸ ಸಾಫ್ಟ್‌ವೇರಿನಲ್ಲಿ ನನ್ನನ್ನು ಮತ್ತೆ ಕಟ್ಟಿದ. ಪಾಪ, ಮುತುವರ್ಜಿಯ ಮನುಷ್ಯ. ಬಣ್ಣ, ಗೆರೆ, ಊರಿನ ಹೆಸರು ಎಲ್ಲ ಹಾಗೇ ತಂದ. ಆದರೆ ಬರೀ ಬಾಟಲಿ ನಂಬರು ನೋಡಿ ಜೋಡಿಸಿದ. ಪ್ರತಿವರ್ಷ ನಂಬರು ಒಂದರಿಂದ ಶುರು ಎಂದು ಅವನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ನಾಲ್ಕು ಊರು ಒತ್ತಿದ, ನಾಲ್ಕು ಚುಕ್ಕೆ ಹೊಳೆದವು. "ಬಂತ್ ನೋಡ್ರಿ!" ಎಂದು ಎಲ್ಲರಿಗೂ ಚಹಾ ತರಿಸಿದ. ನಾನೂ ಹಿಗ್ಗಿದೆ. ನನ್ನೊಳಗೆ ಒಂದೇ ನಂಬರಿನ ಎರಡೆರಡು ಬಾಟಲಿಗಳಿದ್ದವು. ಮೊದಲು ಕೈಗೆ ಸಿಕ್ಕಿದ್ದನ್ನು, ಅಂದರೆ ಹೋದ ವರ್ಷದ್ದನ್ನು, ಬೆಳಗಿಸುತ್ತಿದ್ದೆ.

ಒಂದು ಸೋಮವಾರ ಗುಂಡಕಟ್ಟಿ ಶಾಲೆಯಲ್ಲಿ ಬಿಸಿಯೂಟ ಮಾಡುವ ದ್ಯಾಮವ್ವ ಬಂದಳು.

"ಸರ್, ನಮ್ಮ ಸಾಲಿ ಬೋರಿನ ನೀರು ವಾಸನಿ ಬರಾಕತ್ತೈತ್ರಿ. ಹುಡುಗ್ರಿಗೆ ಕುಡಸ್ಲೋ ಬ್ಯಾಡೋ?"

ಆ ಬೋರಿನ ನೀರಿನ ಪರೀಕ್ಷೆ ಆಗಲೇ ಮುಗಿದಿತ್ತು, ಶಾಲೆಗೆ ವರದಿ ಕಾಗದ ಹೋಗಲು ಇನ್ನೂ ವಾರವಿತ್ತು. ಪ್ರವೀಣ ಗುಂಡಕಟ್ಟಿಯನ್ನು ಒತ್ತಿದ. ಬಾಟಲಿ ನಂಬರು ಇಪ್ಪತ್ತೇಳು. ನಾನು ಹೋದ ವರ್ಷದ ಇಪ್ಪತ್ತೇಳನ್ನು ಬೆಳಗಿಸಿದೆ. ಅದು ಇನ್ಯಾವುದೋ ಊರಿನದು, ಹಸಿರು.

"ಹೆದರಬ್ಯಾಡ್ರಿ ಯವ್ವಾ, ಕುಡಸ್ರಿ."

ಈ ವರ್ಷದ ಇಪ್ಪತ್ತೇಳು ಗೆರೆಯ ಮೇಲೆ ಕೆಂಪಗೆ ಕೂತಿತ್ತು. ಅಂಥ ಕೆಂಪು ಚುಕ್ಕೆ ಹತ್ತಾರಿದ್ದವು. ಯಾವುದು ಯಾರದೆಂದು ತೋರಿಸಬೇಕಾದದ್ದು ನಾನು.

ಗುರುವಾರ ಹತ್ತೊಂಬತ್ತು ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ನೀರಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಲ್ಯಾಬಿನವರೇ ಒಳ್ಳೇದೆಂದಿದ್ದರಲ್ಲ! ಸಾಂಬಾರಿನಲ್ಲಿ ಹಲ್ಲಿ ಬಿದ್ದಿರಬೇಕೆಂದು ಊರೆಲ್ಲ ಆಡಿಕೊಂಡಿತು. ದ್ಯಾಮವ್ವನನ್ನು ಅಡುಗೆಮನೆಯಿಂದ ಹೊರಗೆ ಹಾಕಿದರು. ಛೇ, ಮಾಡಿದ್ದು ನಾನು, ಉಂಡದ್ದು ಅವಳು.

ಮಕ್ಕಳು ಗುಣವಾಗಿ ಮನೆಗೆ ಬಂದ ಮೇಲೆ, ವರದಿ ಕಾಗದ ಹೊರಡುವ ಮೊದಲೇ, ಅವಳು ಮತ್ತೆ ಬಂದಳು. "ನೀರು ಚಲೋ ಐತಿ ಅಂತ ನೀವೇ ಅಂದಿದ್ರಿ ಅಂತ ಒಂದು ಕಾಗದ ಬರಕೊಡ್ರಿ ಸರ್. ನಾ ನೀರು ಸೈತ ಕೇಳಿ ಕುಡಿಸಾಕಿ, ಸಾಂಬಾರಿನ್ಯಾಗ ಹಲ್ಲಿ ಬೀಳಾಕ ಬಿಡಾಕಿ ಅಲ್ಲಂತ ಊರಿಗೆ ಗೊತ್ತಾಗ್ಲಿ."

ಬರೆಯಲೆಂದು ಪ್ರವೀಣ ರಿಜಿಸ್ಟರು ತೆಗೆದ. ಇಪ್ಪತ್ತೇಳು, ಗುಂಡಕಟ್ಟಿ, ಕುಡಿಯಲು ಯೋಗ್ಯವಲ್ಲ. ಪರದೆಯಲ್ಲಿ ನೋಡಿದ, ಅಲ್ಲಿ ಇನ್ನೂ ಹಸಿರು. ಸುವರ್ಣಾಗೆ ಫೋನ್ ಮಾಡಿದ. "ವರ್ಷ ಸೇರಿಸಿಲ್ಲೇನಪಾ?" ಎಂದರು ಅವರು. ಅಲ್ಲೇ ಕೂತು ನನ್ನನ್ನು ಸರಿಪಡಿಸಿದ. ತಪ್ಪು ನಮ್ಮದು, ಅಡುಗೆಯವರದಲ್ಲ ಎಂದು ಹೆಡ್‌ಮಾಸ್ತರರಿಗೆ ಬರೆದು ಸಹಿ ಹಾಕಿದ. ಪರದೆ ತಿರುಗಿಸಿ ಅವಳ ಮುಂದೆಯೇ ಗುಂಡಕಟ್ಟಿಯನ್ನು ಒತ್ತಿದ. ಕೆಂಪು ಹೊಳೆಯಿತು.

"ಇದು ಅವತ್ತೂ ಇಲ್ಲೇ ಇತ್ತೇನ್ರಿ?"

"ಇತ್ರಿ ಯವ್ವಾ."

ಕಾಗದ ಅವಳ ಕೈಯಲ್ಲೇ ಇತ್ತು. ಅದನ್ನು ನೋಡಲೇ ಇಲ್ಲ. "ಕೆಲಸಕ್ಕ ಕರೀತಾರ ಬಿಡ್ರಿ. ಆದ್ರ ಆ ನೀರು ನಾನ ತುಂಬಿ ತುಂಬಿ ಕೊಟ್ಟೀನಿ ಸರ್. ಒಲ್ಲೆ ಅಂದ ಹುಡುಗ್ರಿಗೂ ಬೈದು ಕುಡಿಸೀನಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅದೆಷ್ಟೋ ವರ್ಷ ಕಳೆದು ಈಗ ನಾನು ಯಾರೂ ತೆರೆಯದ ಹಳೇ ಫೈಲು. ಎಷ್ಟೋ ಸಾವಿರ ಬಾರಿ ಸರಿಯಾಗಿ ಹೊಳೆದಿದ್ದೇನೆ, ಒಂದೂ ನೆನಪಿಲ್ಲ. ಆ ತಾಯಿಗೆ, ನೀನಲ್ಲವ್ವ ಕುಡಿಸಿದ್ದು, ನಾನು ಎಂದು ಹೇಳಲು ನನಗೆ ಬಾಯಿಲ್ಲ.