ಗಾಯಕಿಯ ಉಸಿರು

ದಿನವಿಡೀ ಡ್ರಿಲ್ಲಿನ ಕಿರ್ರ್ ಸದ್ದಿಗೆ ಕಿವಿ ಜಡ್ಡುಗಟ್ಟಿದ ಹಲ್ಲಿನ ಡಾಕ್ಟರಿಗೆ ಸಂಜೆಯ ಹಾಡೇ ಔಷಧ. ರೂಟರ್ ಬದಲಿಸಿದರೆ ಆನ್‌ಲೈನ್ ಹಾಡಿನ ನಾದವೇ ಬದಲಾಗುತ್ತದೆಂದು ಪೇಷಂಟೊಬ್ಬ ಹೇಳಿದ್ದೇ ತಡ, ಹೊಸ ರೂಟರನ್ನೂ ಹೆಬ್ಬೆರಳು ದಪ್ಪದ ಕೇಬಲನ್ನೂ ಹಾಕಿಸಿಬಿಟ್ಟರು. ಕಣ್ಣು ಮುಚ್ಚಿ ಸೋಫಾದಲ್ಲಿ ಕೂತವರು ಹಾಡಿನ ಎರಡನೇ ಸಾಲಿಗೇ ಚಂಗನೆ ಎದ್ದರು.

"ಏ, ಬಾರೇ ಇಲ್ಲಿ! ಗಾಯಕಿ ಉಸಿರಾಡೋದೂ ಕೇಳ್ತಿದೆ!"

ಹೆಂಡತಿ ಒದ್ದೆ ಕೈಯಲ್ಲೇ ಬಂದು ಕಿವಿಗೊಟ್ಟಳು. ನಿಜ, ಸಾಲುಗಳ ನಡುವೆ ಸುಯ್ಯೆಂದು ತುಂಬು ಉಸಿರು.

"ಅಯ್ಯೋ, ಪಕ್ಕದಲ್ಲೇ ಇದ್ದಾಳೆ ಅನ್ಸುತ್ತೆ ಕಣ್ರೀ!"

ಡಾಕ್ಟರು ಹಿಗ್ಗಿ ಹೀರೇಕಾಯಿಯಾಗಿ ಅವಳ ಕೈ ಹಿಡಿದು ಒಂದು ಸುತ್ತು ತಿರುಗಿಸಿಯೇಬಿಟ್ಟರು.

ಹಾಡು ಮುಗಿಯಿತು. ಉಸಿರು ಮುಗಿಯಲಿಲ್ಲ. ಅದಕ್ಕೀಗ ಗೊರಕೆಯೂ ಸೇರಿತು.

ಸೋಫಾದ ಹಿಂದೆ ಇಣುಕಿದರೆ, ತಣ್ಣನೆಯ ನೆಲದ ಮೇಲೆ ಮಾವ ಅಂಗಾತ ಮಲಗಿದ್ದರು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಗಲಾಟೆಗೆ ಎಚ್ಚೆತ್ತ ಮಾವ ನಾಚಿಕೊಂಡು, "ರೂಮಿಗೆ ಹೋಗ್ತೀನಿ ಅಳಿಯಂದ್ರೇ" ಎಂದು ಏಳಹೊರಟರು.

ಡಾಕ್ಟರು ಅವರ ತಲೆಯಡಿಗೆ ಸೋಫಾದ ದಿಂಬು ತುರುಕಿದರು.

"ಎಲ್ಲೂ ಹೋಗ್ಬೇಡಿ ಮಾವ. ಇನ್ನೊಂದು ಹಾಡು ಹಾಕ್ತೀನಿ."